ಇಂಟರ್‌ಚೇಂಜ್‌ಗಳ ನಕ್ಷೆಯನ್ನು ಟೆಂಡರಿಗೆ ಮುಂಚೆ ಜನರ ಮುಂದಿಡಿ: ಹೆದ್ದಾರಿ ಯೋಜಕರಿಗೆ ಬಹಿರಂಗ ಪತ್ರ

ಇವರಿಗೆ,
ಬೆಂಗಳೂರು ಹಾಗೂ ಸುತ್ತಲಿನ ಜಿಲ್ಲೆಗಳಲ್ಲಿ ಹೆದ್ದಾರಿ, ವರ್ತುಲ ರಸ್ತೆ ಮತ್ತು ಸುರಂಗ ರಸ್ತೆಗಳನ್ನು ಯೋಜಿಸುತ್ತಿರುವ ಎಲ್ಲ ಇಲಾಖೆ, ಪ್ರಾಧಿಕಾರಗಳ ಮುಖ್ಯ ಎಂಜಿನಿಯರುಗಳಿಗೆ

ವಿಷಯ: ಇಂಟರ್‌ಚೇಂಜ್‌ಗಳ ವಿನ್ಯಾಸವನ್ನು ಟೆಂಡರ್ ಕರೆಯುವ ಮುಂಚೆ ಸ್ಥಳೀಯರ ಮುಂದಿಡುವ ಕುರಿತು.

ಮಾನ್ಯರೇ,

ನಾಲ್ಕು ದಿಕ್ಕಿನಿಂದ ಬರುವ ವಾಹನಗಳು ಸಿಗ್ನಲ್ಲಿಗೆ ನಿಲ್ಲದೆ, ಒಂದರ ದಾರಿಗೆ ಇನ್ನೊಂದು ಅಡ್ಡಬಾರದೆ, ತಮಗೆ ಬೇಕಾದ ಕಡೆಗೆ ತಿರುಗಿಕೊಂಡು ಹೋಗುವಂತೆ ಸೇತುವೆ, ರ್‍ಯಾಂಪ್ ಮತ್ತು ಸುತ್ತಿ ಬರುವ ಲೂಪುಗಳನ್ನು ಹೆಣೆದು ಕಟ್ಟುವ ಇಂಟರ್‌ಚೇಂಜ್‌ಗಳ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಎಸ್‌ಟಿಆರ್‌ಆರ್ ಎಂದೇ ಜನ ಕರೆಯುವ ಉಪನಗರ ವರ್ತುಲ ರಸ್ತೆಯ ಕೆಲಸ ಹಂತ ಹಂತವಾಗಿ ನಡೆದಿದೆ. ಹೊಸಕೋಟೆಯಿಂದ ಹೊರಡುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗದಲ್ಲಿ ವಾಹನಗಳು ಓಡಾಡುತ್ತಿವೆ. ಪೆರಿಫೆರಲ್ ರಿಂಗ್ ರಸ್ತೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂಬ ಹೊಸ ಹೆಸರಿನಲ್ಲಿ ಮತ್ತೆ ಮುಂದೆ ಬಂದಿದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಪ್ರಸ್ತಾಪ ಚರ್ಚೆಯಲ್ಲಿದೆ. ಇವು ದೊಡ್ಡ ರಸ್ತೆಗಳನ್ನು ಸಂಧಿಸುವ ಕಡೆಯಲ್ಲೆಲ್ಲ ಒಂದಲ್ಲ ಒಂದು ಬಗೆಯ ಇಂಟರ್‌ಚೇಂಜ್ ಬೇಕಾಗುತ್ತದೆ. ಒಮ್ಮೆ ಕಂಬ ಎದ್ದ ಮೇಲೆ ಅಲ್ಲಿನವರ ಮಕ್ಕಳು, ಮೊಮ್ಮಕ್ಕಳು ಕೂಡ ಅದರ ಸುತ್ತಲೇ ಬದುಕು ಹೊಂದಿಸಿಕೊಳ್ಳಬೇಕು. ಆದ್ದರಿಂದ ಕಂಬ ಏಳುವ ಮುಂಚೆಯೇ ಈ ಮಾತು ಹೇಳಬೇಕೆನಿಸಿತು.

ನಾನು ಪಾಲಿಟೆಕ್ನಿಕ್ ಒಂದರಲ್ಲಿ ರಸ್ತೆ ನಿರ್ಮಾಣದ ಪಾಠ ಹೇಳಿ ನಿವೃತ್ತನಾದವನು. ಜಗತ್ತಿನ ವಿಶಿಷ್ಟ ಇಂಟರ್‌ಚೇಂಜ್‌ಗಳ ನಕ್ಷೆಗಳನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ತೋರಿಸುವುದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು. ಆ ನಕ್ಷೆಗಳನ್ನು ಮತ್ತೆ ಮತ್ತೆ ನೋಡಿದಾಗ ನನಗೆ ಮನದಟ್ಟಾದ ಸಂಗತಿಯೆಂದರೆ, ಎಂಜಿನಿಯರುಗಳು ಇಂದಿಗೂ ಬೆರಗಿನಿಂದ ನೋಡುವ ವಿನ್ಯಾಸಗಳಲ್ಲಿ ಹೆಚ್ಚಿನವು ಅಂದದ ಆಕಾರ ಬೇಕೆಂದು ಹುಟ್ಟಿದವಲ್ಲ. ಆ ಜಾಗದಲ್ಲಿ ಮೊದಲೇ ಇದ್ದ ಕಾಲುವೆಗೆ, ಮನೆಗೆ, ರೈಲಿಗೆ, ಜಮೀನಿನ ಮಾಲೀಕನಿಗೆ ರಸ್ತೆಯೇ ಎಡೆ ಮಾಡಿಕೊಡಬೇಕಾಗಿ ಬಂದದ್ದರಿಂದ ಅವುಗಳಿಗೆ ಆ ಆಕಾರ ಬಂದಿದೆ. ನಮ್ಮಲ್ಲಿ ಆಕಾರವನ್ನು ಮೊದಲು ಆರಿಸಿಕೊಂಡು, ಜಾಗದಲ್ಲಿರುವುದನ್ನೆಲ್ಲ ಆಮೇಲೆ ಅದಕ್ಕೆ ಹೊಂದಿಸುವ ರೂಢಿಯಿದೆ. ನನ್ನ ಆಕ್ಷೇಪವಿರುವುದು ಈ ರೂಢಿಗೆ.

ನಮಗೆ ಅತ್ಯಂತ ಪರಿಚಿತವಾದ ನಾಲ್ಕೆಸಳಿನ ಕ್ಲೋವರ್‌ಲೀಫ್‌ನಿಂದಲೇ ತೊಡಗುತ್ತೇನೆ. ಅಮೆರಿಕದ ಮೇರಿಲ್ಯಾಂಡಿನ ಆರ್ಥರ್ ಹೇಲ್ ಎಂಬ ಎಂಜಿನಿಯರ್ 1916ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅಲ್ಲಿನ ಮೊದಲ ಕ್ಲೋವರ್‌ಲೀಫ್ ನ್ಯೂಜೆರ್ಸಿಯ ವುಡ್‌ಬ್ರಿಜ್‌ನಲ್ಲಿ 1929ರಲ್ಲಿ ಬಳಕೆಗೆ ಬಂತು. ಇದರ ಜಾಣ್ಮೆ ದೊಡ್ಡದು. ಒಂದೇ ಒಂದು ಸೇತುವೆ ಸಾಕು. ಎಡಗಡೆ ವಾಹನ ಓಡಿಸುವ ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಬಲಕ್ಕೆ ತಿರುಗಬೇಕಾದವರು ಸೇತುವೆ ದಾಟಿ ಮುಂದೆ ಹೋಗಿ, ಎಡಕ್ಕೆ ಇಳಿದು, ಮುಕ್ಕಾಲು ಸುತ್ತು ಸುತ್ತಿ ಅಡ್ಡರಸ್ತೆಗೆ ಸೇರಿಕೊಳ್ಳುತ್ತಾರೆ. ಸ್ಟಾಕ್‌ಹೋಮಿನ ಸ್ಲುಸೆನ್‌ನಲ್ಲಿ 1935ರಲ್ಲಿ ಕಟ್ಟಿದ ಕ್ಲೋವರ್‌ಲೀಫ್ ಎಡಗಡೆ ಸಂಚಾರದ ಕಾಲದ್ದು; ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಇಡೀ ದೇಶದ ವಾಹನಗಳನ್ನು ಬಲಗಡೆಗೆ ಬದಲಿಸಿದಾಗ, ನಾಲ್ಕೂ ಕಡೆ ಒಂದೇ ಸಮನಾಗಿದ್ದ ಆ ವಿನ್ಯಾಸ ತಿರುವುಮುರುವಾದ ಸಂಚಾರಕ್ಕೂ ಒಗ್ಗಿಕೊಂಡಿತು.

ಆದರೆ ಕ್ಲೋವರ್‌ಲೀಫ್‌ನ ಒಂದು ಲೂಪಿನಿಂದ ಹೆದ್ದಾರಿಗೆ ಸೇರುವವರು ಮತ್ತು ಮುಂದಿನ ಲೂಪಿಗೆ ಇಳಿಯಲು ಬದಿಗೆ ಸರಿಯುವವರು ಸೇತುವೆಯ ಬುಡದ ಒಂದೇ ಪುಟ್ಟ ಜಾಗದಲ್ಲಿ ಒಬ್ಬರನ್ನೊಬ್ಬರು ದಾಟಬೇಕಾಗುತ್ತದೆ. ವಾಹನ ಕಡಿಮೆಯಿದ್ದಾಗ ಇದು ಗಮನಕ್ಕೇ ಬರುವುದಿಲ್ಲ, ಹೆಚ್ಚಾದಾಗ ಇಡೀ ಇಂಟರ್‌ಚೇಂಜ್ ಕಟ್ಟಿಕೊಳ್ಳುವುದು ಅಲ್ಲಿಂದಲೇ. ಲೂಪನ್ನು ದೊಡ್ಡದು ಮಾಡಿದರೆ ಈ ತೊಂದರೆ ಸ್ವಲ್ಪ ತಗ್ಗುತ್ತದೆ, ಆದರೆ ಎಕರೆಗಟ್ಟಲೆ ಜಮೀನು ನಾಲ್ಕು ಎಸಳುಗಳ ನಡುವೆ ಯಾರಿಗೂ ಸಿಗದಂತೆ ಸಿಕ್ಕಿಹಾಕಿಕೊಳ್ಳುತ್ತದೆ. ಹೇಲ್ ಪೇಟೆಂಟ್ ಪಡೆದು ನೂರು ವರ್ಷ ದಾಟಿದೆ, ವುಡ್‌ಬ್ರಿಜ್‌ನ ಮೂಲ ಕ್ಲೋವರ್‌ಲೀಫನ್ನೂ ತೆಗೆದು ಬೇರೆ ವಿನ್ಯಾಸ ಕಟ್ಟಿದ್ದಾರೆ. ನಮ್ಮ ಪ್ರಸ್ತಾಪಗಳಲ್ಲಿ ಮಾತ್ರ ಅದೇ ನಾಲ್ಕೆಸಳು ಮೊದಲ ಆಯ್ಕೆಯಾಗಿ ಬರುತ್ತಿರುವುದಕ್ಕೆ, ಮೇಲಿನಿಂದ ತೆಗೆದ ಚಿತ್ರದಲ್ಲಿ ಅದು ಚೆನ್ನಾಗಿ ಕಾಣುತ್ತದೆ ಎನ್ನುವುದೂ ಒಂದು ಕಾರಣವಿರಬಹುದೆಂದು ನನ್ನ ಅನಿಸಿಕೆ.

ಜಾಗ ಇಲ್ಲದ ಕಡೆ ಏನು ಮಾಡಬಹುದು ಎಂಬುದಕ್ಕೆ ಲಾಸ್ ಏಂಜಲೀಸ್ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಅಲ್ಲಿನ ಊರಿನ ನಡುವೆ 1953ರಲ್ಲಿ ಪೂರ್ತಿಯಾಗಿ ತೆರೆದ ನಾಲ್ಕು ಅಂತಸ್ತಿನ ಇಂಟರ್‌ಚೇಂಜ್ ಜಗತ್ತಿನ ಮೊದಲ ಸ್ಟ್ಯಾಕ್ ವಿನ್ಯಾಸ. ಲೂಪುಗಳನ್ನು ಬಿಟ್ಟು, ತಿರುಗುವ ರಸ್ತೆಗಳನ್ನೇ ಒಂದರ ಮೇಲೊಂದರಂತೆ ಜೋಡಿಸಿದ್ದರಿಂದ ವಾಹನಗಳು ಒಂದನ್ನೊಂದು ಹಾದು ಬದಿ ಬದಲಿಸುವ ಪ್ರಸಂಗವೇ ಅಲ್ಲಿಲ್ಲ. ಅದೇ ನಗರದಲ್ಲಿ 1993ರಲ್ಲಿ ತೆರೆದ ಜಡ್ಜ್ ಹ್ಯಾರಿ ಪ್ರೆಗರ್ಸನ್ ಇಂಟರ್‌ಚೇಂಜ್ ಇದಕ್ಕಿಂತ ಎತ್ತರದ್ದು, ಐದು ಹಂತಗಳದ್ದು. ಎಂಜಿನಿಯರಿಂಗ್ ಸಾಧನೆಯೆಂದು ಎಲ್ಲೆಡೆ ಚಿತ್ರ ಹಾಕುವ ಈ ಇಂಟರ್‌ಚೇಂಜಿಗೆ ಎಂಜಿನಿಯರನ ಬದಲು ನ್ಯಾಯಾಧೀಶರೊಬ್ಬರ ಹೆಸರೇಕೆ ಬಂತು ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಹೆದ್ದಾರಿಗಾಗಿ ಮನೆ ಕಳೆದುಕೊಳ್ಳಬೇಕಾಗಿದ್ದ ನಿವಾಸಿಗಳು 1972ರಲ್ಲಿ ನ್ಯಾಯಾಲಯಕ್ಕೆ ಹೋದರು. ಪ್ರೆಗರ್ಸನ್ ಕೆಲಸವನ್ನು ತಡೆದರು. ವರ್ಷಗಳ ವಿಚಾರಣೆಯ ನಂತರ ಎರಡೂ ಕಡೆಯವರು ಒಪ್ಪಿದ ಆದೇಶದಲ್ಲಿ ನಿರ್ವಸಿತರಿಗೆ ಬದಲಿ ವಸತಿ ಮತ್ತು ರಸ್ತೆಯ ನಡುವೆ ಸಾರ್ವಜನಿಕ ಸಾರಿಗೆಗೆ ಜಾಗ ಎರಡೂ ಸೇರಿದವು. ಇಂದು ಆ ಐದು ಹಂತಗಳ ನಡುವೆಯೇ ಮೆಟ್ರೊ ನಿಲ್ದಾಣವಿದೆ, ಬಸ್ಸುಗಳು ಓಡುವ ಪಥವೂ ಇದೆ. ರೈಲಿಗೆ ಕಾಯುವವರು ವಾಹನಗಳ ಭೋರ್ಗರೆತದ ನಡುವೆ ನಿಲ್ಲಬೇಕಾಗಿರುವುದು ಅದರ ದೊಡ್ಡ ಕೊರತೆ. ಆದರೂ ನ್ಯಾಯಾಲಯದ ಬಾಗಿಲು ತಟ್ಟಿದ ಜನ ಇರದಿದ್ದರೆ ಆ ಜಾಗದಲ್ಲಿ ಕಾರಿಲ್ಲದವರಿಗೆ ಏನೂ ಇರುತ್ತಿರಲಿಲ್ಲ.

ಎಡಗಡೆ ಓಡಿಸುವ ದೇಶಗಳ ಉದಾಹರಣೆಗಳು ನಮಗೆ ಇನ್ನೂ ಹತ್ತಿರದವು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1972ರ ಮೇ 24ರಂದು ತೆರೆದ ಗ್ರಾವೆಲಿ ಹಿಲ್ ಇಂಟರ್‌ಚೇಂಜನ್ನು ಜನ ಸ್ಪಗೆಟಿ ಜಂಕ್ಷನ್ ಎಂದೇ ಕರೆಯುತ್ತಾರೆ. ಸುಮಾರು 30 ಎಕರೆಯಲ್ಲಿ ಹರಡಿಕೊಂಡು, 559 ಕಾಂಕ್ರೀಟ್ ಕಂಬಗಳ ಮೇಲೆ ನಿಂತ ಆ ರಚನೆಯ ಅತಿ ಎತ್ತರದ ಭಾಗ 24 ಮೀಟರಿಗೂ ಮೇಲಿದೆ. ಅದರ ಅಡಿಯಲ್ಲಿ ಎರಡು ರೈಲುಮಾರ್ಗ, ಮೂರು ಕಾಲುವೆ ಮತ್ತು ಎರಡು ಹೊಳೆಗಳಿವೆ. ಕಂಬಗಳ ಜಾಗ ಗುರುತಿಸುವಾಗ ಆ ಎಂಜಿನಿಯರುಗಳು ಒಂದು ಸಣ್ಣ ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಹಿಂದಿನ ಕಾಲದಲ್ಲಿ ಆ ಕಾಲುವೆಗಳ ದಂಡೆಯ ಮೇಲೆ ಕುದುರೆ ನಡೆಯುತ್ತಿತ್ತು, ಅದಕ್ಕೆ ಕಟ್ಟಿದ ಹಗ್ಗ ನೀರಿನಲ್ಲಿದ್ದ ದೋಣಿಯನ್ನು ಎಳೆಯುತ್ತಿತ್ತು. ಕುದುರೆಗೂ ದೋಣಿಗೂ ನಡುವೆ ಕಂಬವೊಂದು ಬಂದರೆ ಹಗ್ಗ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಹಾಗಾಗಬಾರದೆಂದು ಕಂಬಗಳನ್ನು ದಂಡೆಯ ದಾರಿಗೆ ಅಡ್ಡವಾಗದಂತೆ ನಿಲ್ಲಿಸಿದರು. 1972ರ ಹೊತ್ತಿಗೆ ಕುದುರೆ ಎಳೆಯುವ ದೋಣಿಗಳು ಹೆಚ್ಚುಕಡಿಮೆ ಇತಿಹಾಸಕ್ಕೆ ಸೇರಿದ್ದವು. ಆದರೂ ಕಾಲುವೆಯ ಹಕ್ಕು ರಸ್ತೆಯ ಹಕ್ಕಿಗಿಂತ ಹಳೆಯದು ಎಂಬ ಗೌರವ ಆ ನಕ್ಷೆಯಲ್ಲಿತ್ತು. ನಮ್ಮ ಕೆರೆಯಿಂದ ಕೆರೆಗೆ ನೀರು ಹರಿಸುವ ರಾಜಕಾಲುವೆಗಳಿಗೆ ಕಂಬದ ತಳಪಾಯ ಅಗೆಯುವಾಗ ಇಷ್ಟು ಗೌರವ ಸಿಕ್ಕಿದ್ದರೆ, ಒಂದೇ ಮಳೆಗೆ ಅಂಡರ್‌ಪಾಸುಗಳಲ್ಲಿ ಎದೆಮಟ್ಟ ನೀರು ನಿಲ್ಲುವ ಸುದ್ದಿ ಇಷ್ಟೊಂದು ಬರುತ್ತಿರಲಿಲ್ಲ.

ಜಪಾನಿನವರು ಈ ದಾರಿಯಲ್ಲಿ ಮತ್ತೂ ಮುಂದೆ ಹೋಗಿದ್ದಾರೆ. ಒಸಾಕಾದಲ್ಲಿ 1992ರಲ್ಲಿ ಕಟ್ಟಿ ಮುಗಿಸಿದ ಗೇಟ್ ಟವರ್ ಎಂಬ 16 ಅಂತಸ್ತಿನ ಕಟ್ಟಡದ 5, 6 ಮತ್ತು 7ನೇ ಅಂತಸ್ತಿನ ಮೂಲಕ ಹಾನ್ಶಿನ್ ಎಕ್ಸ್‌ಪ್ರೆಸ್‌ವೇಯಿಂದ ಇಳಿಯುವ ರ್‍ಯಾಂಪ್ ಹಾದುಹೋಗುತ್ತದೆ. ಜಮೀನಿನ ಮಾಲೀಕರು ತಮ್ಮ ಹಕ್ಕು ಬಿಟ್ಟುಕೊಡಲು ಒಪ್ಪಲಿಲ್ಲ. ರಸ್ತೆಗೂ ಬೇರೆ ದಾರಿ ಇರಲಿಲ್ಲ. ಕೊನೆಗೆ ಕಾನೂನಿಗೆ ತಿದ್ದುಪಡಿ ತಂದು, ರಸ್ತೆ ಮತ್ತು ಕಟ್ಟಡ ಒಂದೇ ನಿವೇಶನದ ಬೇರೆ ಬೇರೆ ಎತ್ತರಗಳಲ್ಲಿ ಇರಬಹುದೆಂದು ಮಾಡಿಕೊಂಡರು. ರಸ್ತೆ ಕಟ್ಟಡಕ್ಕೆ ಎಲ್ಲಿಯೂ ತಾಗುವುದಿಲ್ಲ, ತನ್ನದೇ ಕಂಬಗಳ ಮೇಲೆ ನಿಂತಿದೆ. ಆ ಮೂರು ಅಂತಸ್ತುಗಳಿಗೆ ರಸ್ತೆಯೇ ಬಾಡಿಗೆದಾರ.

ಆದರೆ ತಾವು ಒಂದೇ ಒಂದು ಇಂಟರ್‌ಚೇಂಜನ್ನು ಹೋಗಿ ನೋಡಿ ಬರುವುದಾದರೆ ಅದು ಟೋಕಿಯೊದ ಓಹಾಶಿ ಜಂಕ್ಷನ್ ಆಗಿರಲಿ ಎಂದು ಕೋರುತ್ತೇನೆ. 2010ರ ಮಾರ್ಚ್‌ನಲ್ಲಿ ತೆರೆದ ಈ ಜಂಕ್ಷನ್‌ನ ಸಮಸ್ಯೆ ನಮ್ಮ ಸುರಂಗ ರಸ್ತೆಯ ಸಮಸ್ಯೆಯಂಥದ್ದೇ. ನೆಲದಾಳದ ಸುರಂಗದಲ್ಲಿ ಒಂದು ಹೆದ್ದಾರಿ, ಕಂಬಗಳ ಮೇಲೆ ಇನ್ನೊಂದು, ಎರಡರ ನಡುವೆ ಸುಮಾರು 70 ಮೀಟರ್ ಎತ್ತರದ ವ್ಯತ್ಯಾಸ, ಸುತ್ತ ಒತ್ತಾಗಿ ಕಟ್ಟಿದ ಮನೆಗಳು. ಉದ್ದನೆಯ ಇಳಿಜಾರು ರ್‍ಯಾಂಪಿಗೆ ಜಾಗವೇ ಇಲ್ಲ. ಬುಗುರಿಗೆ ಹಗ್ಗ ಸುತ್ತಿದ ಹಾಗೆ ರ್‍ಯಾಂಪನ್ನೇ ಸುರುಳಿ ಸುತ್ತಿ, ಆ ಸುರುಳಿಯ ಸುತ್ತ ಕಾಂಕ್ರೀಟ್ ಗೋಡೆ, ಮೇಲೆ ಮಾಡು ಹಾಕಿ, ಸದ್ದು ಮತ್ತು ಹೊಗೆ ಅಕ್ಕಪಕ್ಕದ ಮನೆಗಳಿಗೆ ಹೋಗದಂತೆ ಮುಚ್ಚಿದರು. ಹೊರಗಿನಿಂದ ನೋಡಿದರೆ ಅದೊಂದು ಕ್ರೀಡಾಂಗಣದಂತೆ ಕಾಣುತ್ತದೆಯೇ ಹೊರತು ಒಳಗೆ ವಾಹನಗಳು ಸುತ್ತುತ್ತಿವೆ ಎಂದು ಗೊತ್ತಾಗುವುದಿಲ್ಲ. ಇಳಿಜಾರಾಗಿಯೇ ಸುತ್ತುವ ಆ ಮಾಡಿನ ಮೇಲೆ 2013ರಲ್ಲಿ ಸುಮಾರು 7,000 ಚದರ ಮೀಟರಿನ ಸಾರ್ವಜನಿಕ ಉದ್ಯಾನ ತೆರೆದರು. ಮಕ್ಕಳು ಆಡುವುದು, ವಯಸ್ಸಾದವರು ವಾಕಿಂಗ್ ಮಾಡುವುದು ಹೆದ್ದಾರಿಯ ನೆತ್ತಿಯ ಮೇಲೆ. ಸುರಂಗದ ಗಾಳಿ ಹೊರಹಾಕುವ ಕಟ್ಟಡದ ತಾರಸಿಯ ಮೇಲೂ ಗಿಡಮರಗಳಿವೆ, ಒಂದು ಪುಟ್ಟ ಭತ್ತದ ಗದ್ದೆಯಿದೆ. ಪಕ್ಕದಲ್ಲೇ ಪುನರಭಿವೃದ್ಧಿಯ ಭಾಗವಾಗಿ ಎರಡು ವಸತಿ ಗೋಪುರಗಳನ್ನು ಕಟ್ಟಿದರು. ಅವುಗಳಲ್ಲಿ ಒಂದರ 9ನೇ ಅಂತಸ್ತಿನಲ್ಲಿರುವ ಗ್ರಂಥಾಲಯದಿಂದ ನೇರವಾಗಿ ಉದ್ಯಾನಕ್ಕೆ ನಡೆದು ಹೋಗಬಹುದು.

ಸುರಂಗ ರಸ್ತೆಯ ರ್‍ಯಾಂಪ್ ಲಾಲ್‌ಬಾಗಿನ ಬಳಿ ಬರುತ್ತದೆಂಬ ಸುದ್ದಿಗೆ ಬೆಂಗಳೂರಿನ ಜನ ಎಷ್ಟು ನೊಂದರು ಎಂಬುದು ತಮಗೆ ಗೊತ್ತಿದೆ. ಸುರಂಗ ಬೇಕೇ ಬೇಡವೇ ಎಂಬ ವಾದವನ್ನು ಈ ಪತ್ರದಲ್ಲಿ ಎತ್ತುವುದಿಲ್ಲ. ಆದರೆ ರ್‍ಯಾಂಪಿಗಾಗಿ ಇರುವ ತೋಟವನ್ನು ಕೇಳುವುದಕ್ಕೂ ರ್‍ಯಾಂಪಿನ ಮೇಲೆ ಇಲ್ಲದ ತೋಟವನ್ನು ಮಾಡಿಕೊಡುವುದಕ್ಕೂ ಇರುವ ಅಂತರವನ್ನು ಹಣದ ಕೊರತೆಯಿಂದಷ್ಟೇ ವಿವರಿಸಲಾಗದು. ಓಹಾಶಿಯಲ್ಲಿ ಸುತ್ತಲಿನ ಮನೆಗಳವರನ್ನು ವಿನ್ಯಾಸದ ಮೊದಲ ಷರತ್ತು ಎಂದು ಇಟ್ಟುಕೊಂಡದ್ದರಿಂದ ಆ ಸುರುಳಿ ಹುಟ್ಟಿತು ಎಂದೇ ನಾನು ನಂಬಿದ್ದೇನೆ.

ಎಲ್ಲ ಕಡೆಯೂ ಇಷ್ಟು ದುಬಾರಿಯ ಕೆಲಸ ಬೇಕಿಲ್ಲ. ಅಮೆರಿಕದ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 2009ರಲ್ಲಿ ಇದ್ದ ಸೇತುವೆಯನ್ನೇ ಉಳಿಸಿಕೊಂಡು, ಎರಡೂ ತುದಿಯಲ್ಲಿ ಸಿಗ್ನಲ್ ಇಟ್ಟು, ಸೇತುವೆಯ ಮೇಲೆ ಎದುರುಬದುರು ಸಂಚಾರವನ್ನು ಅದಲುಬದಲು ಮಾಡುವ ಡೈವರ್ಜಿಂಗ್ ಡೈಮಂಡ್ ವಿನ್ಯಾಸವನ್ನು ಆ ದೇಶದಲ್ಲಿ ಮೊದಲ ಬಾರಿಗೆ ಜಾರಿಗೆ ತಂದರು. ವಾಹನಗಳು ಬದಿ ಬದಲಿಸಿಕೊಳ್ಳುವುದರಿಂದ, ಎದುರಿನ ಸಂಚಾರ ದಾಟಿ ತಿರುಗಬೇಕಾದವರಿಗೆ ಅಡ್ಡಿಯಿಲ್ಲದ ತಿರುವು ಸಿಗುತ್ತದೆ. ಸಿಗ್ನಲ್ಲಿಗೆ ಎರಡೇ ಹಂತ ಸಾಕು. ದ್ವಿಚಕ್ರ ವಾಹನಗಳು ಸಿಕ್ಕ ಸಂದಿಯಲ್ಲೆಲ್ಲ ನುಗ್ಗುವ ನಗರದೊಳಗಿನ ರಸ್ತೆಗಳಿಗೆ ಇದು ಒಗ್ಗುತ್ತದೆಂಬ ನಂಬಿಕೆ ನನಗಿಲ್ಲ. ಉಪನಗರ ವರ್ತುಲ ರಸ್ತೆಯ ಚಿಕ್ಕ ಕೂಡುರಸ್ತೆಗಳಲ್ಲಿ ಒಂದು ಕಡೆ ಪರೀಕ್ಷಿಸಿ ನೋಡಬಹುದು.

ನೆದರ್ಲ್ಯಾಂಡ್ಸ್‌ನ ಐಂಡ್‌ಹೋವನ್ ಬಳಿ 2012ರಲ್ಲಿ ತೆರೆದ ಹೋವನ್‌ರಿಂಗ್ ಇನ್ನೊಂದು ಬಗೆಯ ಉತ್ತರ. ಅಲ್ಲಿ 70 ಮೀಟರ್ ಎತ್ತರದ ಒಂದೇ ಕಂಬದಿಂದ 24 ಕೇಬಲ್‌ಗಳು 72 ಮೀಟರ್ ವ್ಯಾಸದ ಉಕ್ಕಿನ ಬಳೆಯೊಂದನ್ನು ರಸ್ತೆಯ ಮೇಲೆ ತೂಗುಹಾಕಿವೆ. ಸೈಕಲ್ಲಿನವರು ಮತ್ತು ನಡೆಯುವವರು ಆ ಬಳೆಯ ಮೇಲೆ ಸುತ್ತಿ ಯಾವ ದಿಕ್ಕಿಗಾದರೂ ಇಳಿಯುತ್ತಾರೆ. ಇಳಿಜಾರು ಕಡಿದಾಗಬಾರದೆಂದು ಕೆಳಗಿನ ಕಾರುಗಳ ರಸ್ತೆಯನ್ನೇ ತಗ್ಗಿಸಿದರು. ನಮ್ಮಲ್ಲಿ ಇದೇ ಜಾಗದಲ್ಲಿ ಸ್ಕೈವಾಕ್ ಬರುತ್ತಿತ್ತು, ಅದರ ಮೆಟ್ಟಿಲು ಹತ್ತುವ ಕಷ್ಟವನ್ನು ನಡೆಯುವವನಿಗೇ ಬಿಡುತ್ತಿದ್ದೆವು.

ಈಗ ನಮ್ಮ ಮನೆಯಂಗಳಕ್ಕೆ ಬರುತ್ತೇನೆ. ಹೆಬ್ಬಾಳದ ಮೇಲ್ಸೇತುವೆ 2003ರಲ್ಲಿ ಸಂಚಾರಕ್ಕೆ ತೆರೆಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗಿ ಬಳ್ಳಾರಿ ರಸ್ತೆಯ ಸಂಚಾರದ ಸ್ವರೂಪವೇ ಬದಲಾಯಿತು. ಹೊಸ ಲೂಪೊಂದನ್ನು ಸೇರಿಸಲು 2025ರವರೆಗೆ ಕಾಯಬೇಕಾಯಿತು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ 2024ರಲ್ಲಿ ತೆರೆದ ಸುಮಾರು 3.3 ಕಿಲೋಮೀಟರಿನ ಡಬಲ್ ಡೆಕರ್ ಮೇಲ್ಸೇತುವೆ, ಕೆಳಗೆ ರಸ್ತೆ, ನಡುವೆ ಮೇಲ್ಸೇತುವೆ, ನೆತ್ತಿಯ ಮೇಲೆ ಮೆಟ್ರೊ ಎಂಬ ಮೂರು ಹಂತಗಳನ್ನು ಒಂದೇ ಸಾಲು ಕಂಬಗಳ ಮೇಲೆ ಸಾಧಿಸಿತು. ಹೊಸ ಜಮೀನನ್ನು ಹೆಚ್ಚು ಕೇಳದೆ ಇಷ್ಟನ್ನು ಮಾಡಿದ್ದು ಮೆಚ್ಚಬೇಕಾದ ಕೆಲಸ, ನಮ್ಮ ಎಂಜಿನಿಯರುಗಳಿಗೆ ಕೌಶಲದ ಕೊರತೆಯಿಲ್ಲ ಎಂಬುದಕ್ಕೆ ಸಾಕ್ಷಿ. ನೆರೆಯ ಚೆನ್ನೈ 2008ರಲ್ಲಿ ಕತ್ತಿಪಾರಾದ ಕ್ಲೋವರ್‌ಲೀಫ್ ಕಟ್ಟಿಕೊಂಡಿತು. ಅದರ ಎಸಳುಗಳ ನಡುವಿನ ಪಾಳು ಜಾಗಕ್ಕೆ ಬಸ್ ತಂಗುದಾಣ, ಅಂಗಡಿ, ಕೂರುವ ಜಾಗ ಬಂದದ್ದು 2021ರಲ್ಲಿ. ಮೊದಲ ನಕ್ಷೆಯಲ್ಲೇ ಇರಬೇಕಾದದ್ದಕ್ಕೆ 13 ವರ್ಷ ಹಿಡಿಯಿತು.

ಸಂಜೆ ಆರೂವರೆಗೆ ಯಾವುದಾದರೂ ದೊಡ್ಡ ಕೂಡುರಸ್ತೆಯ ರ್‍ಯಾಂಪಿನ ಬುಡದಲ್ಲಿ ನಿಂತು ನೋಡಿ. ಹೆದ್ದಾರಿಯಲ್ಲಿ ಬಂದ ಬಸ್ಸಿಗೆ ಒಳಗೆ ತಿರುಗುವ ದಾರಿಯಿಲ್ಲ, ಕಂಡಕ್ಟರ್ ರ್‍ಯಾಂಪ್ ಕವಲೊಡೆಯುವ ಕಡೆಯೇ ಜನರನ್ನು ಇಳಿಸುತ್ತಾನೆ. ಸೊಪ್ಪಿನ ಚೀಲ ಹಿಡಿದ ಹೆಂಗಸು, ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದ ಹುಡುಗಿಯರು, ಶಾಲೆಯ ಮಗುವನ್ನು ಸೊಂಟಕ್ಕೇರಿಸಿಕೊಂಡ ತಾಯಿ ಕ್ರ್ಯಾಶ್ ಬ್ಯಾರಿಯರ್‌ನ ಬೋಲ್ಟ್ ಕಳಚಿದ ಒಂದು ಸಂದಿಯ ಮುಂದೆ ಸಾಲುಗಟ್ಟಿ ನಿಲ್ಲುತ್ತಾರೆ. ಆ ಸಂದಿಯ ನೆಲದಲ್ಲಿ ಹುಲ್ಲಿಲ್ಲ, ದಿನವೂ ತುಳಿದು ಗಟ್ಟಿಯಾದ ಮಣ್ಣಿದೆ. ಮೊದಲು ಒಬ್ಬರು ಕೈ ಅಡ್ಡ ಹಿಡಿದು ಓಡುತ್ತಾರೆ, ಉಳಿದವರು ಹಿಂಬಾಲಿಸುತ್ತಾರೆ. ನಕ್ಷೆಯಲ್ಲಿ ಆ ಸಂದಿ ಇರಲಿಲ್ಲ. ಆದರೆ ಆ ಜನ ಅಲ್ಲಿ ದಾಟುತ್ತಾರೆಂದು ಆ ಊರಿನ ಯಾರನ್ನು ಕೇಳಿದ್ದರೂ ಮೊದಲೇ ಹೇಳುತ್ತಿದ್ದರು.

ಕೇಳುವ ವ್ಯವಸ್ಥೆ ಮಾತ್ರ ನಮ್ಮಲ್ಲಿಲ್ಲ. ಭೂಸ್ವಾಧೀನದ ಅಧಿಸೂಚನೆಯಲ್ಲಿ ಸರ್ವೆ ನಂಬರ್, ಎಕರೆ, ಗುಂಟೆ ಎಲ್ಲವೂ ಇರುತ್ತವೆ; ಆ ಜಾಗದಲ್ಲಿ ಮುಂದೆ ಏನು ಎದ್ದು ನಿಲ್ಲುತ್ತದೆ ಎಂಬ ಚಿತ್ರವಿರುವುದಿಲ್ಲ. ವಿವರವಾದ ಯೋಜನಾ ವರದಿ ಸಾವಿರಾರು ಪುಟಗಳ ಇಂಗ್ಲಿಷಿನಲ್ಲಿರುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 92 ನಗರದ ಇಂಟರ್‌ಚೇಂಜ್‌ಗಳ ವಿನ್ಯಾಸ ಹೇಗಿರಬೇಕೆಂದು ತಿಳಿಸುತ್ತದೆ, ಐಆರ್‌ಸಿ 103 ನಡೆಯುವವರ ಸೌಲಭ್ಯ ಹೇಗಿರಬೇಕೆಂದು ತಿಳಿಸುತ್ತದೆ. ಎರಡೂ ಒಂದೇ ಸಂಸ್ಥೆಯ ಮಾರ್ಗಸೂಚಿಗಳು. ಎರಡನ್ನೂ ಒಂದೇ ಮೇಜಿನ ಮೇಲಿಟ್ಟುಕೊಂಡು ಬರೆದ ನಕ್ಷೆಯನ್ನು ನೋಡಬೇಕೆಂಬುದು ನನ್ನ ಬಹುಕಾಲದ ಆಸೆ.

ನಿರ್ವಹಣೆಯ ಮಾತನ್ನೂ ಇದರೊಂದಿಗೆ ಸೇರಿಸಬೇಕು. ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯ ಒಳಗಿನ ಕೇಬಲ್‌ಗಳು ತುಕ್ಕು ಹಿಡಿದಿದ್ದರಿಂದ 2021ರ ಡಿಸೆಂಬರ್‌ನಲ್ಲಿ ಅದನ್ನು ಮುಚ್ಚಬೇಕಾಯಿತು. ಭಾರಿ ವಾಹನಗಳಿಗೆ ಅದು ಮತ್ತೆ ತೆರೆದದ್ದು 2024ರಲ್ಲಿ. ಬರ್ಮಿಂಗ್‌ಹ್ಯಾಮ್‌ನಲ್ಲೂ ಹಿಮ ಕರಗಿಸಲು ಚೆಲ್ಲಿದ ಉಪ್ಪು ಜಾಯಿಂಟುಗಳಿಂದ ಸೋರಿ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತಿಂದಿತು, ದುರಸ್ತಿ ದಶಕಗಳ ಕೆಲಸವಾಯಿತು. ಅಂತಸ್ತು ಹೆಚ್ಚಿದಷ್ಟೂ ಬೇರಿಂಗು, ಜಾಯಿಂಟುಗಳ ಹತ್ತಿರ ಮನುಷ್ಯ ಹೋಗಿ ಕಣ್ಣಾರೆ ನೋಡುವುದು ಕಷ್ಟವಾಗುತ್ತದೆ. ಅಲ್ಲಿಗೆ ತಲುಪುವ ದಾರಿ ಎಲ್ಲಿದೆ ಎಂಬುದನ್ನೂ ನಕ್ಷೆ ತೋರಿಸಲಿ.

ಆದ್ದರಿಂದ ತಮ್ಮಲ್ಲಿ ನನ್ನ ಮನವಿ ಇಷ್ಟು. ಇನ್ನು ಮುಂದೆ ಯಾವುದೇ ಇಂಟರ್‌ಚೇಂಜಿಗೆ ಟೆಂಡರ್ ಕರೆಯುವ ಮುನ್ನ, ಆ ಜಾಗದ ಗ್ರಾಮ ಪಂಚಾಯಿತಿ ಅಥವಾ ವಾರ್ಡ್ ಕಚೇರಿಯಲ್ಲಿ ಅದರ ನಕ್ಷೆಯನ್ನೂ ಸಾಧ್ಯವಾದರೆ ಒಂದು ಮಾದರಿಯನ್ನೂ ಕನಿಷ್ಠ ಎರಡು ತಿಂಗಳು ಕನ್ನಡದ ವಿವರಣೆಯೊಂದಿಗೆ ಇಡಬೇಕು. ಒಂದು ಬದಿಯ ಬಸ್ ನಿಲ್ದಾಣದಿಂದ ಇನ್ನೊಂದು ಬದಿಯ ಬಸ್ ನಿಲ್ದಾಣಕ್ಕೆ ನಡೆಯುವವರು ಎಷ್ಟು ಮೀಟರ್ ನಡೆಯಬೇಕು, ಎಷ್ಟು ಮೆಟ್ಟಿಲು ಹತ್ತಬೇಕು ಎಂಬುದನ್ನು ಆ ನಕ್ಷೆಯ ಮೇಲೆಯೇ ಬರೆದಿರಬೇಕು. ಕಾಲುವೆ ಮತ್ತು ಕೆರೆಯ ಕೋಡಿಗಳ ಈಗಿನ ಮಟ್ಟ, ಕಂಬ ಎದ್ದ ನಂತರದ ಮಟ್ಟ ಎರಡನ್ನೂ ತೋರಿಸಬೇಕು. ಪರಿಶೀಲಿಸಿ ಕೈಬಿಟ್ಟ ಇತರ ವಿನ್ಯಾಸಗಳು ಯಾವುವು, ಏಕೆ ಬಿಟ್ಟಿರಿ ಎಂದು ಒಂದು ಪುಟದಲ್ಲಿ ಹೇಳಬೇಕು. ಜನ ಬರೆದುಕೊಟ್ಟ ಆಕ್ಷೇಪಗಳಿಗೆ ಹೆಸರು ಹಾಕಿದ ಅಧಿಕಾರಿಯೊಬ್ಬರು ಲಿಖಿತವಾಗಿ ಉತ್ತರಿಸಬೇಕು. ಇದಕ್ಕೆ ತಗಲುವ ಸಮಯ ಭೂಸ್ವಾಧೀನದ ವ್ಯಾಜ್ಯಗಳಲ್ಲಿ ಕಳೆದುಹೋಗುವ ಸಮಯದ ಮುಂದೆ ಬಹಳ ಸಣ್ಣದು.

ಬೆಂಗಳೂರು ಬಿಸಿನೆಸ್ ಕಾರಿಡಾರ್ ಬಳ್ಳಾರಿ ರಸ್ತೆಯನ್ನು ದಾಟುವ ಜಾಗದ ನಕ್ಷೆಯಿಂದಲೇ ಇದನ್ನು ಶುರುಮಾಡಬಹುದು. ಆ ನಕ್ಷೆಯನ್ನು ಹಾಕುವ ದಿನ ತಿಳಿಸಿದರೆ, ಓದಲು ಬಾರದವರಿಗೆ ಅದನ್ನು ಬಿಡಿಸಿ ಹೇಳುವ ಕೆಲಸಕ್ಕೆ ನಾನೂ ನನ್ನ ಹಳೆಯ ವಿದ್ಯಾರ್ಥಿಗಳೂ ಯಾವ ಸಂಭಾವನೆಯೂ ಇಲ್ಲದೆ ಬರಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಿವಿಲ್ ಎಂಜಿನಿಯರಿಂಗ್ ಅಧ್ಯಾಪಕ